ವಯಸ್ಸಾದ ತಂದೆಗೆ ಕ್ರಿಯೇಟಿನ್ ಕೊಡಬಹುದಾ?

ನಿಮ್ಮ ತಂದೆಗೆ 68 ವರ್ಷ, ಕಾಲಲ್ಲಿ ಶಕ್ತಿ ಕಡಿಮೆಯಾಗಿದೆ, ಪಾರ್ಕಿನ್ಸನ್ ಕೂಡ ಶುರುವಾಗಿದೆ. ಜಿಮ್‌ನವರು ತಗೊಳ್ಳುವ ಕ್ರಿಯೇಟಿನ್ ಪುಡಿ (ಸ್ನಾಯು, ಮಿದುಳಿಗೆ ಶಕ್ತಿ ಒದಗಿಸಲು ನಮ್ಮ ದೇಹವೂ ತಯಾರಿಸುವ ಪದಾರ್ಥ) ಎರಡಕ್ಕೂ ಔಷಧಿ ಅಂತಾರೆ, ನಿಜವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆರು ವರ್ಷದಿಂದ ಇದನ್ನು ತಗೊಳ್ಳುತ್ತಿದ್ದೇನೆ, ಇದರ ಬಗ್ಗೆ ಓದುವ ಹುಚ್ಚೂ ಇದೆ. ಕಾಲಿನ ಶಕ್ತಿಗೆ ಪ್ರಯತ್ನಿಸಬಹುದು. ಪಾರ್ಕಿನ್ಸನ್‌ಗೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಪಾರ್ಕಿನ್ಸನ್ ವಿಷಯದಲ್ಲಿ ಉತ್ತರ ಆಗಲೇ ಸಿಕ್ಕಿದೆ. ಇಲಿಗಳಲ್ಲಿ ಕ್ರಿಯೇಟಿನ್ ಮಿದುಳಿನ ಕೋಶಗಳನ್ನು ಕಾಪಾಡುವಂತೆ ಕಂಡಿತ್ತು. ಹಾಗಾಗಿ ಅಮೆರಿಕ, ಕೆನಡಾಗಳಲ್ಲಿ 1,741 ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ದಿನಕ್ಕೆ 10 ಗ್ರಾಂ ಕ್ರಿಯೇಟಿನ್, ಉಳಿದವರಿಗೆ ಬರೀ ಹುಸಿ ಪುಡಿ. ವರ್ಷಗಟ್ಟಲೆ ನೋಡಿದರೂ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ಮಿದುಳಿನ ಕೋಶಗಳು ನಶಿಸುವ ಇನ್ನೊಂದು ಕಾಯಿಲೆ ಹಂಟಿಂಗ್ಟನ್‌ನಲ್ಲಿ ದಿನಕ್ಕೆ 40 ಗ್ರಾಂವರೆಗೂ ಕೊಟ್ಟು ನೋಡಿದರು, ಅದೂ ಹಾಗೇ ಆಯಿತು.

ಹಾಗಂತ ಇದು ಔಷಧಿಯೇ ಅಲ್ಲ ಅನ್ನುವಂತಿಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕ್ರಿಯೇಟಿನ್ ತಯಾರಿಸುವ ಕಿಣ್ವ ಇರುವುದಿಲ್ಲ. ಮಿದುಳಿನಲ್ಲಿ ಕ್ರಿಯೇಟಿನ್ ಇಲ್ಲವೆನ್ನುವಷ್ಟು ಕಡಿಮೆ. ಮಾತು ಸರಿಯಾಗಿ ಬರುವುದಿಲ್ಲ, ಕೆಲವರಿಗೆ ಫಿಟ್ಸ್ ಬರುತ್ತದೆ. ಅಂಥ ಮಕ್ಕಳಿಗೆ ಇದೇ ಪುಡಿ ಚಿಕಿತ್ಸೆಯ ಮುಖ್ಯ ಭಾಗ. ಹುಟ್ಟಿದ ಕೂಡಲೇ ಪತ್ತೆಯಾಗಿ ಶುರು ಮಾಡಿದರೆ ಮಗು ಹೆಚ್ಚುಕಡಿಮೆ ಎಲ್ಲರಂತೆ ಬೆಳೆಯಬಹುದು. ಇದರ ಅಣ್ಣತಮ್ಮನಂಥ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ದೇಹ ಕ್ರಿಯೇಟಿನ್ ತಯಾರಿಸುತ್ತದೆ, ಆದರೆ ಅದನ್ನು ಮಿದುಳಿನೊಳಗೆ ಒಯ್ಯುವ ಪ್ರೋಟೀನ್ ಕೆಟ್ಟಿರುತ್ತದೆ. ಅಲ್ಲಿ ಎಷ್ಟು ಪುಡಿ ಕೊಟ್ಟರೂ ಒಳಗೇ ಹೋಗಲ್ಲ, ಪಾಪ.

ಇನ್ನು ನಿಮ್ಮ ತಂದೆಯ ಕಾಲು. ವಯಸ್ಸಾದವರು ಭಾರ ಎತ್ತುವ ವ್ಯಾಯಾಮದ ಜೊತೆ ಕ್ರಿಯೇಟಿನ್ ತಗೊಂಡರೆ, ಬರೀ ವ್ಯಾಯಾಮ ಮಾಡಿದವರಿಗಿಂತ ಶಕ್ತಿ ಸ್ವಲ್ಪ ಜಾಸ್ತಿ ಬರುತ್ತದೆ. ಕೊಬ್ಬು ಬಿಟ್ಟು ಉಳಿದ ತೂಕವೂ ಸರಾಸರಿ ಒಂದು ಕಿಲೋಗಿಂತ ತುಸು ಹೆಚ್ಚೇ ಏರುತ್ತದೆ. ಅದರಲ್ಲಿ ಸ್ವಲ್ಪ ನೀರೂ ಸೇರಿರುತ್ತದೆ ಅನ್ನಿ. ವ್ಯಾಯಾಮ ಇಲ್ಲದೆ ಸುಮ್ನೆ ಪುಡಿ ಕುಡಿದು ಕೂತರೆ ಲಾಭ ತೀರಾ ಕಮ್ಮಿ. ಸ್ನಾಯು ಕ್ಷಯದ ಕೆಲವು ಕಾಯಿಲೆಗಳಲ್ಲೂ ಶಕ್ತಿ ಸ್ವಲ್ಪ ಹೆಚ್ಚಿದ್ದುಂಟು. ಆದರೆ ಮೆಕಾರ್ಡಲ್ ಅನ್ನುವ ಸ್ನಾಯು ಕಾಯಿಲೆಯಲ್ಲಿ ಜಾಸ್ತಿ ಡೋಸ್ ಕೊಟ್ಟಾಗ ನೋವು ಹೆಚ್ಚೇ ಆಯಿತು. ಖಿನ್ನತೆಯ ಮಾತ್ರೆ ಜೊತೆ ಕೊಟ್ಟ ಪರೀಕ್ಷೆಗಳೂ ಇವೆ. ಆಸೆ ಹುಟ್ಟಿಸುತ್ತವೆ, ಆದರೆ ಚಿಕ್ಕವು.

ಒಂದು ಎಚ್ಚರಿಕೆ, ನಾನೇ ಬೆವರಿದ್ದು. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂತು. ಕಿಡ್ನಿ ಹೋಯಿತು ಅಂತ ಎರಡು ರಾತ್ರಿ ನಿದ್ದೆ ಇಲ್ಲ. ಕ್ರಿಯೇಟಿನ್ ದೇಹದಲ್ಲಿ ಒಡೆದು ಆಗುವ ಕಸವೇ ಕ್ರಿಯಾಟಿನಿನ್, ಅದನ್ನು ಹೊರಹಾಕುವುದು ಕಿಡ್ನಿ. ಪುಡಿ ತಗೊಂಡರೆ ಕಿಡ್ನಿ ಚೆನ್ನಾಗಿದ್ದರೂ ಅದು ಸ್ವಲ್ಪ ಏರಬಹುದು. ಡಾಕ್ಟರ್ ಸಿಸ್ಟಾಟಿನ್ ಸಿ ಅನ್ನುವ, ಕಿಡ್ನಿ ನೋಡುವ ಇನ್ನೊಂದು ರಕ್ತ ಪರೀಕ್ಷೆ ಬರೆದುಕೊಟ್ಟರು, ಅದು ಸರಿಯಾಗಿತ್ತು.

ಹಾಗಾಗಿ ಮೊದಲು ತಂದೆಯ ಕಿಡ್ನಿ ಪರೀಕ್ಷೆ ಮಾಡಿಸಿ, ಪಾರ್ಕಿನ್ಸನ್ ನೋಡುವ ಡಾಕ್ಟರಿಗೂ ಹೇಳಿ. ಕಿಡ್ನಿ ತೊಂದರೆ ಇದ್ದರೆ ನೀವಾಗಿಯೇ ಶುರು ಮಾಡಬೇಡಿ. ಅವರು ಸರಿ ಅಂದರೆ ದಿನಕ್ಕೆ 3ರಿಂದ 5 ಗ್ರಾಂ ಸಾಕು, ಮೊನೊಹೈಡ್ರೇಟ್ ಅನ್ನುವ ಮಾಮೂಲಿ ಪುಡಿ. ಅಲ್ಲಿಯವರೆಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಶುರು ಮಾಡಿಸಿ, ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಪುಡಿ ಒಂದು ತಿಂಗಳು ತಡವಾದರೂ ಪರವಾಗಿಲ್ಲ.