ರೂಲ್ ಮುರಿಯೋ ಮುಂಚೆ ಅದು ಯಾಕಿದೆ ಅಂತ ನೋಡಿ

ಪ್ರಶ್ನೆ: ಸರ್, ನಾನು ಮೈಸೂರಲ್ಲಿ ಡಿಸೈನ್ ಓದ್ತಿದೀನಿ. ಈ ಸೆಮಿಸ್ಟರ್ ಪ್ರಾಜೆಕ್ಟಿಗೆ ಇಂಗ್ಲಿಷಲ್ಲಿ ಒಂದು ಪಾಪ್ ಮ್ಯೂಸಿಕ್ ಮ್ಯಾಗಝೀನ್ ಮಾಡ್ಬೇಕು, ಕವರ್, ಕಂಟೆಂಟ್ಸ್ ಪೇಜ್, ಆಮೇಲೆ ಒಂದು ಡಬಲ್ ಸ್ಪ್ರೆಡ್ (ಎದುರುಬದುರು ಎರಡು ಪುಟ). ನಮ್ಮ ಮೇಡಂ "ಕನ್ವೆನ್ಷನ್ಸ್, ಅಂದ್ರೆ ರೂಢಿಯ ರೂಲ್ಸ್, ಫಾಲೋನೂ ಮಾಡಿ, ಚಾಲೆಂಜೂ ಮಾಡಿ" ಅಂದಿದಾರೆ. ಎರಡೂ ಒಟ್ಟಿಗೆ ಹೇಗೆ ಸರ್? ಕ್ಲಾಸಲ್ಲಿ ಎಲ್ರೂ ಅಮೆರಿಕದ ಡಿಸೈನರ್ ಡೇವಿಡ್ ಕಾರ್ಸನ್ ಥರ ಅಕ್ಷರನೆಲ್ಲ ಚೆಲ್ಲಾಪಿಲ್ಲಿ ಮಾಡ್ತಿದಾರೆ, ನಂದು ನೀಟಾಗಿದೆ, ಬೋರಿಂಗ್ ಅನ್ಸತ್ತೇನೋ ಅಂತ ಭಯ.

ಉತ್ತರ: ಭಯ ಬೇಡಮ್ಮ. ಕಾರ್ಸನ್ ಕೆಲಸ ನಂಗೂ ತುಂಬಾ ಇಷ್ಟ, ಆದ್ರೆ ಅವ್ರ ಕಥೆನ ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸಿಬಿಡ್ತಾರೆ. 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ರೇ ಗನ್ ಪತ್ರಿಕೆಗೆ ಅವ್ರು ಆರ್ಟ್ ಡೈರೆಕ್ಟರ್ ಆಗಿದ್ದಾಗ ಗಾಯಕ ಬ್ರಯಾನ್ ಫೆರ್ರಿ ಸಂದರ್ಶನ ತೀರಾ ಸಪ್ಪೆ ಅನ್ನಿಸಿ ಇಡೀ ಲೇಖನನ ಡಿಂಗ್‌ಬ್ಯಾಟ್ಸ್ ಫಾಂಟಲ್ಲಿ ಹಾಕ್ಬಿಟ್ರು, ಆ ಫಾಂಟಲ್ಲಿ ಅಕ್ಷರಗಳೇ ಇಲ್ಲ, ಬರೀ ನಕ್ಷತ್ರ, ಬಾಣ, ಕತ್ತರಿ ಥರದ ಚಿಹ್ನೆಗಳು, ಒಂದು ಸಾಲೂ ಓದೋಕಾಗಲ್ಲ. ಇಲ್ಲೀವರೆಗೂ ಎಲ್ರಿಗೂ ಗೊತ್ತು. ಆದ್ರೆ ಅದೇ ಸಂಚಿಕೆಯ ಕೊನೇ ಪುಟಗಳಲ್ಲಿ ಪೂರ್ತಿ ಸಂದರ್ಶನನ ಓದೋಕೆ ಬರೋ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಿದ್ರು. ಅಂದ್ರೆ ಅಷ್ಟು ದೊಡ್ಡ ರೂಲ್ ಮುರಿದ ಪತ್ರಿಕೆನೂ ಓದುಗನಿಗೆ ಸಿಗಬೇಕಾದ್ದನ್ನ ಕೊಟ್ಟೇ ಕೊಟ್ಟಿದೆ. ಅದೂ ಅಲ್ದೆ ರೇ ಗನ್ ಓದ್ತಿದ್ದೋರು ಆಲ್ಟರ್ನೇಟಿವ್ ರಾಕ್ ಕೇಳೋ ಯುವಕರು, ಕಷ್ಟಪಟ್ಟು ಓದೋದೇ ಅವ್ರಿಗೆ ಮಜಾ. ನಿಮ್ಮ ಓದುಗಳು ಹದಿನಾಲ್ಕು ವರ್ಷದ ಹುಡುಗಿ ಅಂತಾದ್ರೆ ಅವಳಿಗೆ ತನ್ನ ಫೇವರಿಟ್ ಸಿಂಗರ್ ಏನಂದ್ಲು ಅಂತ ಈಗಲೇ ಗೊತ್ತಾಗ್ಬೇಕು.

ಚಾಲೆಂಜ್ ಅಂದ್ರೆ ಗಲಾಟೆ ಅಂತಲೇ ಅರ್ಥ ಇಲ್ಲ ಅನ್ನೋದಕ್ಕೆ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ನೋಡಿ. 1967ರ ನವೆಂಬರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಸಂಚಿಕೆ ಬಂತು, ಕವರಲ್ಲಿ ಜಾನ್ ಲೆನನ್. ಆಗ ಅದೇ ಊರಿನ ಅಂಡರ್‌ಗ್ರೌಂಡ್ (ಮುಖ್ಯವಾಹಿನಿಯ ಹೊರಗಿನ) ಪೇಪರ್‌ಗಳೆಲ್ಲ ಸೈಕೆಡೆಲಿಕ್, ಬಣ್ಣದ ಮೇಲೆ ಬಣ್ಣ, ಕರಗಿ ಹರಿಯೋ ಅಕ್ಷರ. ಇವ್ರು ಲೋಗೋನ ಪೋಸ್ಟರ್ ಕಲಾವಿದ ರಿಕ್ ಗ್ರಿಫಿನ್ ಹತ್ರ ಬರೆಸಿ ಆ ಕಾಲದ ಬೆಡಗು ಇಟ್ಕೊಂಡ್ರು, ಒಳಗೆ ಮಾತ್ರ ಹಳೇ ಕಾಲದ ಸಂಭಾವಿತ ದಿನಪತ್ರಿಕೆ ಥರ ನೆಟ್ಟಗಿನ ಕಾಲಂ, ಸುತ್ತ ಒಂದು ದಪ್ಪ ಗೆರೆ ಒಂದು ತೆಳು ಗೆರೆಯ ಬಾರ್ಡರ್. ರಾಕ್ ಸಂಗೀತನ ಸೀರಿಯಸ್ ಆಗಿ ತಗೊಳ್ಳಿ ಅಂತ ಆ ಗೆರೆಗಳೇ ಹೇಳ್ತಿದ್ವು. ಸುತ್ತ ಇರೋರೆಲ್ಲ ಕೂಗ್ತಿರೋವಾಗ ಸಮಾಧಾನವಾಗಿ ಮಾತಾಡೋನ ಕಡೆಗೇ ಕಿವಿ ಹೋಗತ್ತಲ್ಲ, ಹಾಗೆ. ನಿಮ್ಮ ಕ್ಲಾಸಿನ ಪರಿಸ್ಥಿತಿ ಈಗ ಅದೇ ಅಲ್ವಾ?

ಪಾಪ್ ವಿಷಯಕ್ಕೆ ಬಂದ್ರೆ ಬ್ರಿಟನ್ನಿನ ಪತ್ರಕರ್ತ ನಿಕ್ ಲೋಗನ್ ಬಗ್ಗೆ ಓದ್ಕೊಳ್ಳಿ, ಯಾಕಂದ್ರೆ ಒಬ್ಬರೇ ಎರಡು ದಾರೀನೂ ನಡೆದೋರು. 1978ರಲ್ಲಿ ಸ್ಮ್ಯಾಶ್ ಹಿಟ್ಸ್ ಅನ್ನೋ ಪಾಪ್ ಪತ್ರಿಕೆ ಶುರು ಮಾಡಿದ್ರು, ಹೊಳೆಯೋ ಬಣ್ಣ, ದೊಡ್ಡ ಫೋಟೋ, ಹಿಟ್ ಹಾಡುಗಳ ಪೂರ್ತಿ ಸಾಹಿತ್ಯ. ನಮ್ಮಲ್ಲಿ ಟಾಕೀಸ್ ಮುಂದೆ ಸಿನಿಮಾ ಹಾಡಿನ ಪುಸ್ತಕ ಮಾರ್ತಿದ್ರಲ್ಲ, ಅದೇ ಹಸಿವು ಅಲ್ಲೂ ಇತ್ತು, ಅದನ್ನ ಅವ್ರು ಸರಿಯಾಗಿ ಹಿಡಿದ್ರು. 1980ರಲ್ಲಿ ಅದೇ ಲೋಗನ್ ದ ಫೇಸ್ ಅನ್ನೋ ಸಂಗೀತ, ಫ್ಯಾಶನ್ ಪತ್ರಿಕೆ ತಂದ್ರು, ಮುಂದೆ ಅಲ್ಲಿ ಡಿಸೈನರ್ ನೆವಿಲ್ ಬ್ರೋಡಿ ಒಂದು ಕೆಲಸ ಮಾಡಿದ್ರು. ಕಂಟೆಂಟ್ಸ್ ಪುಟದ ತಲೇಲಿ ಇರೋ 'ಕಂಟೆಂಟ್ಸ್' ಅನ್ನೋ ಪದನ ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪ ಸ್ವಲ್ಪ ಒಡೀತಾ ಹೋದ್ರು, ಕೊನೆಗೆ ಅದು ಅಕ್ಷರ ಅಂತ ಹೇಳೋಕಾಗದ ಬರೀ ಆಕಾರ ಆಯ್ತು. ಆದ್ರೂ ಓದುಗರು ದಾರಿ ತಪ್ಪಲಿಲ್ಲ, ಆ ಜಾಗದಲ್ಲಿ ಇರೋದು ಪರಿವಿಡಿ ಅಂತ ತಿಂಗಳು ತಿಂಗಳು ನೋಡಿ ಅವ್ರ ಕಣ್ಣಿಗೆ ರೂಢಿಯಾಗಿತ್ತು. ಇದನ್ನ ನೀವು ಒಂದೇ ಸಂಚಿಕೆಯ ಪ್ರಾಜೆಕ್ಟಲ್ಲಿ ಕಾಪಿ ಮಾಡಿದ್ರೆ ಕೆಲಸ ಮಾಡಲ್ಲ, ನಿಮ್ಮ ಓದುಗರಿಗೆ ಹಿಂದಿನ ಸಂಚಿಕೆ ಅಂತಲೇ ಇಲ್ವಲ್ಲ.

ಹಾಗಾಗಿ ನನ್ನ ಸಲಹೆ ಏನಂದ್ರೆ ಕವರ್ ಮತ್ತೆ ಕಂಟೆಂಟ್ಸ್ ಪೇಜ್ ಎರಡೂ ಪಕ್ಕಾ ಕನ್ವೆನ್ಷನಲ್ ಇಡಿ, ಸ್ಪ್ರೆಡ್ಡಲ್ಲಿ ಒಂದೇ ಒಂದು ರೂಲ್ ಮುರೀರಿ, ಆದ್ರೆ ಧೈರ್ಯವಾಗಿ ಮುರೀರಿ. ಎಡಗಡೆ ಪುಟ ತುಂಬಾ ಸಿಂಗರ್ ಫೋಟೋ, ಬಲಗಡೆ ಲೇಖನ ಅನ್ನೋದು ರೂಢಿ. ಅದರ ಬದಲು ಎಡಗಡೆ ಪೂರ್ತಿ ಅವಳ ಕೈಬರಹದಲ್ಲೇ ಹಾಡಿನ ಸಾಲುಗಳು, ಹೊಡೆದು ಹಾಕಿದ ಪದ, ಪಕ್ಕದಲ್ಲಿ ಗೀಚಿದ ಸ್ವರ, ಎಲ್ಲ ಹಾಗೇ ಸ್ಕ್ಯಾನ್ ಮಾಡಿ ಹಾಕಿ, ಫೋಟೋನ ಪಾಸ್‌ಪೋರ್ಟ್ ಸೈಝಲ್ಲಿ ಬಲಗಡೆ ಇಡಿ. ದೊಡ್ಡ ಫೋಟೋ ಯಾಕಿರತ್ತೆ? ಫ್ಯಾನ್‌ಗೆ ಆ ವ್ಯಕ್ತಿ ಹತ್ರ ಇದಾಳೆ ಅನ್ನಿಸ್ಬೇಕು ಅಂತ. ಆ ಕೆಲಸನ ಕೈಬರಹ ಇನ್ನೂ ಚೆನ್ನಾಗಿ ಮಾಡತ್ತೆ. ಮೇಡಂ ಕೇಳಿದ್ರೆ ಇದನ್ನೇ ಹೇಳಿ.

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರಲ್ಲಿದೀವಿ, ಮಗಳು ಮೀಡಿಯಾ ಸ್ಟಡೀಸ್ ತಗೊಂಡಿದಾಳೆ. ಅವಳು ಮಾಡಿರೋ ಕವರಲ್ಲಿ ಹುಡುಗಿಯ ತಲೆ ಪತ್ರಿಕೆ ಹೆಸರಿನ ಅರ್ಧ ಮುಚ್ಚಿದೆ. ದೊಡ್ಡ ಪತ್ರಿಕೆಗಳೆಲ್ಲ ಹಾಗೇ ಮಾಡ್ತವಲ್ಲಮ್ಮ ಅಂತ ವಾದ. ಸರಿನಾ?

ಉತ್ತರ: ಮುಚ್ಚಬಹುದು ಮೇಡಂ, ಆದ್ರೆ ಅಷ್ಟು ಬೇಡ. ರೋಲಿಂಗ್ ಸ್ಟೋನ್ ಹೆಸರಲ್ಲಿ ನಾಲ್ಕಕ್ಷರ ಮುಚ್ಚಿದ್ರೂ ಉಳಿದ ತಿರುವುಗಳಿಂದಲೇ ಜನ ಗುರುತು ಹಿಡೀತಾರೆ, ಎಷ್ಟೋ ವರ್ಷದ ಪರಿಚಯ ಅದು. ಮಗಳ ಪತ್ರಿಕೆ ಇವತ್ತು ಹುಟ್ಟಿರೋದು. ಅಲ್ಲಿಯ ಅಂಗಡಿ ಶೆಲ್ಫಲ್ಲಿ ಪತ್ರಿಕೆಗಳು ಒಂದರ ಮೇಲೊಂದು ಓರೆಯಾಗಿ ನಿಂತಿರತ್ತವೆ, ಎಷ್ಟೋ ಸಲ ಎಡಗಡೆಯ ಮೂರನೇ ಒಂದು ಭಾಗ ಮಾತ್ರ ಕಾಣೋದು, ಹೆಸರಿನ ಮೊದಲ ಅಕ್ಷರಗಳೂ ಮುಖ್ಯವಾದ ಕವರ್‌ಲೈನೂ (ಒಳಗೇನಿದೆ ಅಂತ ಹೇಳೋ ಕವರಿನ ಸಾಲು) ಆ ಪಟ್ಟೀಲೇ ಇರೋದು ಅದಕ್ಕೇ. ಕವರನ್ನ ಪ್ರಿಂಟ್ ತೆಗೆದು ಬಲಗಡೆಯ ಮೂರನೇ ಎರಡು ಭಾಗ ಬೇರೆ ಪುಸ್ತಕದಿಂದ ಮುಚ್ಚಿ ನೋಡೋಕೆ ಹೇಳಿ. ಉಳಿದ ಪಟ್ಟಿ ನೋಡಿ ಇದು ಪಾಪ್ ಪತ್ರಿಕೆ ಅಂತ ಹೊಸಬರಿಗೆ ಗೊತ್ತಾದ್ರೆ ತಲೆ ಎಲ್ಲಿದ್ರೂ ಪರವಾಗಿಲ್ಲ.

ಪ್ರಶ್ನೆ: ಈಗ್ಲೂ ಪ್ರಿಂಟ್ ಪತ್ರಿಕೆ ಡಿಸೈನ್ ಕಲಿಯೋದು ವೇಸ್ಟ್ ಅಲ್ವಾ? ಸ್ಮ್ಯಾಶ್ ಹಿಟ್ಸೇ ಮುಚ್ಚಿಹೋಯ್ತಲ್ಲ. (ಬೆಂಗಳೂರು)

ಉತ್ತರ: 2006ರಲ್ಲೇ ಮುಚ್ತು, ನಿಜ. ಆದ್ರೆ 2004ರಲ್ಲಿ ನಿಂತಿದ್ದ ದ ಫೇಸ್ 2019ರಲ್ಲಿ ವಾಪಸ್ ಬಂತು, ಕೆ-ಪಾಪ್ ಅಭಿಮಾನಿಗಳು ಒಂದೇ ಸಂಚಿಕೆಯ ಬೇರೆ ಬೇರೆ ಕವರ್‌ಗಳನ್ನ ಹುಡುಕಿ ಕೊಂಡ್ಕೋತಾರೆ. ವೇಸ್ಟ್ ಖಂಡಿತ ಅಲ್ಲ.

ಪ್ರಶ್ನೆ: ಸರ, ಹುಬ್ಬಳ್ಳಿಯಿಂದ ಬರೀತಿದೀವಿ, ನಾವು ಗೆಳೆಯರು ಸೇರಿ ಕನ್ನಡ ರ‍್ಯಾಪ್, ಪಾಪ್ ಬಗ್ಗೆ ಸಣ್ಣ ಪತ್ರಿಕೆ ತರಬೇಕಂತ ಮಾಡೇವಿ. ಇಂಗ್ಲಿಷ್ ಪತ್ರಿಕೆ ಲೇಔಟ್ ಇಟ್ಟು ಕನ್ನಡ ಅಕ್ಷರ ಹಾಕಿದ್ರ ಚಂದನ ಕಾಣವಲ್ದು.

ಉತ್ತರ: ಕಾಣಲ್ಲ, ಯಾಕಂದ್ರೆ ಆ ಲೇಔಟಿನ ಅರ್ಧ ರೂಲ್ಸ್ ಇಂಗ್ಲಿಷ್ ಲಿಪಿಗೋಸ್ಕರ ಹುಟ್ಟಿದ್ದು. ಅವ್ರು ಹೆಡ್ಡಿಂಗನ್ನೆಲ್ಲ ಕ್ಯಾಪಿಟಲ್ ಅಕ್ಷರದಲ್ಲಿ ಹಾಕಿ ಸಾಲುಗಳನ್ನ ಒತ್ತೊತ್ತಾಗಿ ಜೋಡಿಸ್ತಾರೆ, ಮೇಲೂ ಕೆಳಗೂ ಏನೂ ಚಾಚಿರಲ್ಲ. ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ಲ, 'ರಾಷ್ಟ್ರ' ಅಂತ ಒಂದು ಪದ ಬಂದ್ರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೀತವೆ. ಲೈನ್ ಸ್ಪೇಸಿಂಗ್ ಅಕ್ಷರದ ಸೈಝಿನ ಒಂದೂವರೆಯಷ್ಟು ಇಟ್ಟು ನೋಡಿ, ಹೆಡ್ಡಿಂಗಲ್ಲಿ ಎರಡು ಸಾಲು ಬೇಕೇ ಬೇಕಾದ್ರೆ ಒತ್ತಿಲ್ಲದ ಪದಗಳನ್ನ ಮೇಲಿನ ಸಾಲಿಗೆ ತನ್ನಿ, ಇದು ಎಡಿಟರೂ ಡಿಸೈನರೂ ಪಕ್ಕಪಕ್ಕ ಕೂತು ಮಾಡೋ ಕೆಲಸ. ಅಕ್ಷರಗಳ ಮಧ್ಯೆ ಅಗಲವಾಗಿ ಜಾಗ ಬಿಡೋ ಇಂಗ್ಲಿಷ್ ಸ್ಟೈಲ್ ದಯವಿಟ್ಟು ಬೇಡ, ಕನ್ನಡ ಪದ ಬಿಡಿಬಿಡಿಯಾಗಿ ಬಿದ್ದುಹೋಗತ್ತೆ. ಲೇಔಟ್ ಮಾಡೋ ಇನ್‌ಡಿಸೈನ್ ಸಾಫ್ಟ್‌ವೇರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಒತ್ತಕ್ಷರ ಒಡೆದುಹೋಗತ್ತೆ. ಹೆಡ್ಡಿಂಗಿಗೆ ಬಾಲೂ ತಮ್ಮ ಅನ್ನೋ ಉಚಿತ ಫಾಂಟ್ ಟ್ರೈ ಮಾಡಿ, ದುಂಡಗೆ, ದಪ್ಪಗೆ, ಪಾಪ್ ಪತ್ರಿಕೆಗೆ ಹೇಳಿ ಮಾಡಿಸಿದಂತಿದೆ. ಕನ್ನಡದ ದುಂಡು ಅಕ್ಷರದಲ್ಲಿ ಎಷ್ಟು ಉತ್ಸಾಹ ಇದೆ ಅಂತ ಅದನ್ನ ದೊಡ್ಡದಾಗಿ ಹಾಕಿದಾಗ ಗೊತ್ತಾಗತ್ತೆ, ನಿಮ್ಮ ಪತ್ರಿಕೆಯ ಚಾಲೆಂಜ್ ಅಲ್ಲಿಂದಲೇ ಶುರುವಾಗ್ಲಿ.

ಇನ್ನೊಂದು, ಸ್ಕ್ರೀನಲ್ಲಿ ಮಿಂಚೋ ನಿಯಾನ್ ಪಿಂಕ್ ನಾಲ್ಕು ಬಣ್ಣದ ಪ್ರಿಂಟಲ್ಲಿ ಮಂಕಾಗತ್ತೆ. ಅದೇ ಬಣ್ಣ ಬೇಕು ಅಂದ್ರೆ ಪ್ರೆಸ್‌ನೋರ ಹತ್ರ ಸ್ಪಾಟ್ ಕಲರ್ (ಆ ಒಂದು ಬಣ್ಣಕ್ಕೇ ಬೇರೆ ಇಂಕ್) ರೇಟ್ ಕೇಳಿ, ಜಾಸ್ತಿ ಆಯ್ತು ಅನ್ನಿಸಿದ್ರೆ ಹಳದಿಗೆ ಹೋಗಿ, ಹಳದಿ ಮೇಲೆ ಕಪ್ಪು ಅಕ್ಷರ ಯಾವ ಪೇಪರಲ್ಲೂ ಕೈ ಕೊಡಲ್ಲ.