‘ಸಬ್‌ಲಕ್ಸೇಶನ್’ ಅಂತ ಬರೆದ ಮಾತ್ರಕ್ಕೆ ಎಲುಬು ಜಾರಿಲ್ಲ

ಸುರತ್ಕಲ್‌ನಿಂದ ದಿನಾ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುವ ನಿಮಗೆ ಸೊಂಟನೋವು. ಕೈರೊಪ್ರಾಕ್ಟಿಕ್ (ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ) ಕ್ಲಿನಿಕ್‌ನವರು ‘ಎಲ್4-ಎಲ್5 ಸಬ್‌ಲಕ್ಸೇಶನ್, ಅಡ್ಜಸ್ಟ್‌ಮೆಂಟ್ ಬೇಕು’ ಅಂತ ಬರೆದುಕೊಟ್ಟಿದ್ದಾರೆ. ಎಲುಬು ಜಾರಿದೆಯಾ ಅಂತ ಕೇಳಿದ್ದೀರಿ. ನಾನು ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್. ಇದೇ ಭಯ ಹೊತ್ತುಕೊಂಡು ನನ್ನ ಹತ್ತಿರ ತುಂಬ ಜನ ಬರುತ್ತಾರೆ.

ಬೆನ್ನುಮೂಳೆಯ ಮಣಿಗಳು ಕುತ್ತಿಗೆಯಲ್ಲಿ 7, ಬೆನ್ನಿನಲ್ಲಿ 12, ಸೊಂಟದಲ್ಲಿ 5. ಸೊಂಟದವಕ್ಕೆ ‘ಎಲ್’ ಅಂತ ಗುರುತು. ಎರಡೂ ಕೈಯನ್ನು ಸೊಂಟದ ಎಲುಬಿನ ಮೇಲಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿ. ಅವು ಸೇರುವ ಜಾಗವೇ ಹೆಚ್ಚುಕಡಿಮೆ ಎಲ್4. ಎರಡು ಮಣಿಗಳ ನಡುವೆ ಮುಂದೆ ಡಿಸ್ಕ್ ಅನ್ನುವ ಮೆತ್ತೆ, ಹಿಂದೆ ಎರಡು ಪುಟ್ಟ ಕೀಲುಗಳು. ಈ ಕೀಲುಗಳಿಗೆ ಫ್ಯಾಸೆಟ್ ಜಾಯಿಂಟ್ ಅನ್ನುತ್ತಾರೆ. ಬಗ್ಗುವಾಗ, ತಿರುಗುವಾಗ ಇವು ಒಂದರ ಮೇಲೊಂದು ಸರಿಯುತ್ತವೆ.

ಗೊಂದಲ ಇರುವುದು ‘ಸಬ್‌ಲಕ್ಸೇಶನ್’ ಅನ್ನುವ ಪದದಲ್ಲಿ. ಮೂಳೆ ಡಾಕ್ಟರ್ ಹೀಗಂದರೆ ಕೀಲು ಅರ್ಧ ಜಾರಿದೆ ಅಂತ ಅರ್ಥ. ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಕೈರೊಪ್ರಾಕ್ಟಿಕ್‌ನಲ್ಲಿ ಅರ್ಥ ಬೇರೆ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಇದನ್ನು ಶುರು ಮಾಡಿದ ಡಿ.ಡಿ. ಪಾಮರ್, ಮಣಿ ಸ್ವಲ್ಪ ಸರಿದು ನರ ಒತ್ತಿದರೆ ರೋಗ ಬರುತ್ತದೆ ಅಂತ ನಂಬಿದ್ದರು. ಅದು ಸಾಬೀತಾಗಿಲ್ಲ. ಈಗ ಅವರಲ್ಲೇ ಹಲವರು ಬಿಗಿದುಕೊಂಡ, ಸರಿಯಾಗಿ ಆಡದ ಕೀಲಿಗೆ ಈ ಪದ ಬಳಸುತ್ತಾರೆ.

ಕಾಪು ಕಡೆಯ ಒಬ್ಬರು ಬೀಡಿ ಕಟ್ಟುವ ಅಕ್ಕ ಬಂದಿದ್ದರು. ಯಾರೋ ‘ಎಲುಬು ಜಾರಿದೆ’ ಅಂದಿದ್ದಕ್ಕೆ ಮೂರು ತಿಂಗಳು ನೆಲದಲ್ಲಿ ಕೂತೇ ಇರಲಿಲ್ಲ. ಬೀಡಿ ಕಟ್ಟುವ ತಡ್ಪೆ (ಮೊರ) ಮೂಲೆ ಸೇರಿತ್ತು. ಎಕ್ಸ್‌ರೇಯಲ್ಲಿ ಏನೂ ಜಾರಿರಲಿಲ್ಲ. ಬಗ್ಗದೆ ಬಗ್ಗದೆ ಸೊಂಟ ಮರಗಟ್ಟಿತ್ತು, ಅಷ್ಟೇ. ಅದಕ್ಕೇ ಈ ಪದ ಸುಮ್ನೆ ಬರೆದುಕೊಡುವುದು ನನಗೆ ಇಷ್ಟವಿಲ್ಲ.

ಅಡ್ಜಸ್ಟ್‌ಮೆಂಟ್ ಅಂದರೆ ಕೀಲಿಗೆ ಚುರುಕಾಗಿ ಕೊಡುವ ಸಣ್ಣ ಒತ್ತು. ನಾವು ಮ್ಯಾನಿಪ್ಯುಲೇಶನ್ ಅನ್ನುತ್ತೇವೆ. ಮೊಬಿಲೈಸೇಶನ್ ಅಂದರೆ ಕೀಲನ್ನು ನಿಧಾನಕ್ಕೆ ಆಡಿಸುವುದು. ನೋವಾದರೆ ‘ಸಾಕು’ ಅನ್ನಲು ನಿಮಗೆ ಸಮಯ ಸಿಗುತ್ತದೆ. ‘ಟಕ್’ ಅಂದರೆ ಎಲುಬು ಜಾಗಕ್ಕೆ ಕೂತಿತು ಅಂತಲ್ಲ. ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಆಗುವಾಗಿನ ಸದ್ದು ಅದು. ಬೆರಳಿನ ನೆಟಿಕೆ ಮುರಿದು ನೋಡಿ. ಅದೇ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ, ಅಲ್ವಾ?

ಸೊಂಟನೋವಿಗೆ ಅಡ್ಜಸ್ಟ್‌ಮೆಂಟ್‌ನಿಂದ ಕೆಲವರಿಗೆ ಆರಾಮ ಆಗುತ್ತದೆ. ಆದರೆ ಕುತ್ತಿಗೆಯನ್ನು ಗಕ್ಕನೆ ತಿರುಗಿಸಲು ಬಿಡಬೇಡಿ, ಸೆಲೂನಿನಲ್ಲೂ ಬೇಡ. ಅಪರೂಪಕ್ಕೆ ರಕ್ತನಾಳ ಹರಿದು ಸ್ಟ್ರೋಕ್ ಆಗಬಹುದು. ಕಾಲಲ್ಲಿ ಬಲ ಕಮ್ಮಿಯಾದರೆ, ಮೂತ್ರ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕಾಲಿಗೆ ಜೋಮು ಇಳಿಯುತ್ತದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಯಾವ ಬೆರಳಿನ ಕಡೆ ಅಂತ ತಿಳಿಸಿ. ಹೆಬ್ಬೆರಳ ಕಡೆಗಾದರೆ ಸಾಮಾನ್ಯವಾಗಿ ಎಲ್5 ನರ, ಕಿರುಬೆರಳ ಕಡೆಗಾದರೆ ಎಸ್1, ಅಂದರೆ ಸೊಂಟದ ಮಣಿಗಳ ಕೆಳಗಿರುವ ಸೇಕ್ರಮ್ ಎಲುಬಿನ ಮೊದಲ ನರ.