ಏಳು ಕುರಿಗಳ ದುಡ್ಡು ಯಾವಾಗ ಬರುತ್ತದೆ?

ಪಾವಗಡ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಹೋದ ಮಳೆಗಾಲದಲ್ಲಿ ಒಂದೇ ರಾತ್ರಿ ನಮ್ಮ ರೊಪ್ಪದಲ್ಲಿ ಏಳು ಕುರಿ, ಹಾಲು ಕುಡಿಯೋ ಎರಡು ಮರಿ ಸತ್ತವು. ಡಾಕ್ಟ್ರು ಬಂದು ಪೋಸ್ಟ್‌ಮಾರ್ಟಂ ಮಾಡಿದರು. ಅರ್ಜಿ ಕೊಟ್ಟಿದ್ದೇವೆ. ಕೇಳಿದಾಗಲೆಲ್ಲ ‘ಅನುದಾನ ಬಂದಿಲ್ಲ’ ಅಂತಾರೆ. ಹಸುಗೆ ಒಂದು ಲೆಕ್ಕ, ಕುರಿಗೆ ಒಂದು, ನೆರೆ ಬಂದರೆ ಇನ್ನೊಂದಂತೆ. ನಾವೇನು ಭಿಕ್ಷೆ ಬೇಡ್ತಿದ್ದೀವಾ?”

ಸಂಪಾದಕರ ಉತ್ತರ:

ಇಲ್ಲ ಅಮ್ಮ, ಖಂಡಿತ ಇಲ್ಲ. ಸರ್ಕಾರ ಬಜೆಟ್‌ನಲ್ಲಿ ಕೊಡ್ತೀನಿ ಅಂದದ್ದನ್ನೇ ನೀವು ಕೇಳುತ್ತಿದ್ದೀರಿ.

ನಿಮಗೆ ಬರಬೇಕಾದದ್ದು ಆಕಸ್ಮಿಕವಾಗಿ ಸತ್ತ ಕುರಿ, ದನಗಳಿಗೆ ರಾಜ್ಯ ಸರ್ಕಾರ ಪರಿಹಾರ ಕೊಡುವ ಅನುಗ್ರಹ ಯೋಜನೆಯ ಹಣ. ನಡುವೆ ನಿಂತುಹೋಗಿದ್ದ ಇದನ್ನು 2023ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಮತ್ತೆ ಶುರು ಮಾಡಿತು. ಆಗ ದೊಡ್ಡ ಕುರಿ, ಮೇಕೆಗೆ 5,000 ರೂಪಾಯಿ. ಹಸು, ಎಮ್ಮೆ, ಎತ್ತಿಗೆ 10,000. 2025ರ ಬಜೆಟ್‌ನಲ್ಲಿ ಅದು 7,500 ಮತ್ತು 15,000 ಆಯಿತು. ಮೂರರಿಂದ ಆರು ತಿಂಗಳ ಮರಿಗೆ 5,000. ಆ ಲೆಕ್ಕದಲ್ಲಿ ನಿಮ್ಮ ಏಳು ಕುರಿಗೆ 52,500 ರೂಪಾಯಿ. ಮೂರು ತಿಂಗಳು ತುಂಬದ ಮರಿಗಳಿಗೆ ಈ ಪಟ್ಟಿಯಲ್ಲಿ ಜಾಗ ಇಲ್ಲ. ಅದು ಸರಿಯಲ್ಲ.

ನೆರೆಯ ಲೆಕ್ಕ ಬೇರೆಯೇ. ಅದು ವಿಪತ್ತು ಪರಿಹಾರ ನಿಧಿಯ ಹಣ, ಅದರ ದರ ಕೇಂದ್ರದ್ದು. 2022ರಲ್ಲಿ ಗೊತ್ತು ಮಾಡಿದ ದರದಂತೆ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಕುರಿಗೆ 4,000. ಅದೂ ಒಂದು ಮನೆಗೆ 30 ಕುರಿಗಷ್ಟೇ. ನೂರು ಕುರಿ ಕೊಚ್ಚಿಹೋದರೂ ಕೈಗೆ ಬರುವುದು ಒಂದು ಲಕ್ಷದ ಇಪ್ಪತ್ತು ಸಾವಿರ. ಈ ದರ ಬರೆದವರು ಕುರಿಯನ್ನು ಹಸುವಿನ ಪಕ್ಕದ ಸಣ್ಣ ಕಸುಬು ಅಂದುಕೊಂಡಂತಿದೆ. ಪಾವಗಡ, ಶಿರಾ ಕಡೆ ಕುರಿಯೇ ಬದುಕಾಗಿರುವ ಮನೆ ಎಷ್ಟಿಲ್ಲ? ಹಾಲು ಹಾಕುವವರ ಬೆನ್ನಿಗೆ ಡೇರಿ ಇದೆ, ಬಟವಾಡೆ ಇದೆ, ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಇದೆ. ಅದು ಬೇಡ ಅನ್ನುತ್ತಿಲ್ಲ. ಆದರೆ ಕುರಿಯವರ ಬೆನ್ನಿಗೆ ಯಾರಿದ್ದಾರೆ? ನಿಮ್ಮ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಹೋಯಿತು. ಜಮೀನು ಇದ್ದವರಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಅದೇ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಮೇವೂ ಇಲ್ಲ, ಬಾಡಿಗೆಯೂ ಇಲ್ಲ.

ನನಗೆ ಮೊತ್ತಕ್ಕಿಂತ ಜಾಸ್ತಿ ಸಂಕಟ ಕೊಡುವುದು ಹೀಗೆ ಕಾಯಿಸುವುದು. ಕುರಿ ಸತ್ತ ವಾರದಲ್ಲೇ ಉಳಿದವಕ್ಕೆ ಔಷಧಿ ಬೇಕು. ಸಾಲದವರು ಬಾಗಿಲಿಗೆ ಬರುತ್ತಾರೆ. ಆಗ ಕೈಯಲ್ಲಿ ದುಡ್ಡಿಲ್ಲದಿದ್ದರೆ ಚೆನ್ನಾಗಿರುವ ಕುರಿಯನ್ನೇ ಸಿಕ್ಕ ರೇಟಿಗೆ ಮಾರಬೇಕು. ಮುಂದಿನ ವರ್ಷ ಬರುವ 52,500ಕ್ಕೆ ಆ ಕುರಿ ವಾಪಸ್ ಬರುತ್ತಾ? ಜಾತಿ ಪ್ರಮಾಣಪತ್ರ ಕೊಡಲು ಸಕಾಲ ಕಾಯ್ದೆಯಲ್ಲಿ ಇಷ್ಟೇ ದಿನ ಅಂತ ಗೊತ್ತು ಮಾಡಿದ್ದಾರೆ. ಸತ್ತ ಕುರಿಯ ದುಡ್ಡಿಗೂ ಹಾಗೇ ದಿನ ಗೊತ್ತಾಗಲಿ. ಡಾಕ್ಟ್ರು ಸಹಿ ಹಾಕಿದ ಕೂಡಲೇ ಅರ್ಧ ಹಣ ಖಾತೆಗೆ ಬೀಳಲಿ, ಉಳಿದದ್ದು ಕಾಗದಪತ್ರ ನೋಡಿ ಕೊಡಲಿ. ಇದಕ್ಕೆ ಬೇಕಾದ ದುಡ್ಡನ್ನು ವರ್ಷದ ಮೊದಲೇ ತೆಗೆದಿಡಬೇಕು. ಕುರಿ ಅನುದಾನ ನೋಡಿಕೊಂಡು ಸಾಯುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಬಾಯಿಮಾತಿನ ಉತ್ತರ ಕೇಳಿ ಸುಮ್ನೆ ವಾಪಸ್ ಬರಬೇಡಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ಅರ್ಜಿ ಎಲ್ಲಿದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ತಿಂಗಳವರೆಗಿನ ಅರ್ಜಿಗಳಿಗೆ ಹಣ ಕೊಟ್ಟಿದ್ದಾರೆ ಅಂತ ಕೇಳಿ. 30 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡಿಸಿಕೊಳ್ಳಿ.

ಕುರಿ ಹೊಡೆದುಕೊಂಡು ಬೇರೆ ಸೀಮೆಗೆ ಹೋಗುವವರಿಗೂ ಒಂದು ಮಾತು. ದಾರಿಯಲ್ಲಿ ಕುರಿ ಸತ್ತರೆ ಡಾಕ್ಟ್ರು ನೋಡುವ ಮೊದಲು ಹೂಳಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಿ. ಪೋಸ್ಟ್‌ಮಾರ್ಟಂ ಚೀಟಿ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ನಿಮ್ಮಂತೆ ಕಾಯುತ್ತಿರುವವರು ಅರ್ಜಿ ಕೊಟ್ಟ ತಾರೀಖು, ಹಣ ಬಂದಿದ್ದರೆ ಬಂದ ತಾರೀಖು ಬರೆದು ಕಳಿಸಲಿ. ಹೆಸರು ಬೇಡ, ತಾಲ್ಲೂಕು ಸಾಕು. ಎಲ್ಲವನ್ನೂ ಅಚ್ಚು ಹಾಕುತ್ತೇವೆ.